ಪುಟ್ಟಮಾದನ ಗೋದಲಿ

ಸೂಸೈರಾಜನ ಮನೆಯ ಬಾಲಯೇಸು ವರ್ಷಪೂರ್ತಿ ಅಕ್ಕಿ ಡಬ್ಬಿಯಲ್ಲಿ ಇರುತ್ತಿದ್ದ. ಜನವರಿಯಲ್ಲಿ ಮೂವರು ರಾಜರ ಹಬ್ಬ ಮುಗಿದು ಕ್ರಿಸ್ಮಸ್ಸಿಗೆ ಬೊಂಬೆ ಜೋಡಿಸಿ ಕಟ್ಟಿದ ಗೋದಲಿ ಬಿಚ್ಚುವಾಗ ಮರಿಯಮ್ಮ, ಜೋಸೆಫಪ್ಪ, ಕುರಿ ಕಾಯುವವರು, ಹಸು, ಒಂಟೆ ಎಲ್ಲರೂ ಹಳೇ ಪಂಚೆಯ ತುಂಡುಗಳನ್ನು ಸುತ್ತಿಕೊಂಡು ಟ್ರಂಕು ಸೇರುತ್ತಿದ್ದರು. ಮಗುವನ್ನು ಮಾತ್ರ ಬಿಳಿ ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿನ ದೊಡ್ಡ ಅಕ್ಕಿ ಡಬ್ಬಿಯ ತಳದಲ್ಲಿ ಹುದುಗಿಸಿಡಬೇಕು. ಇದು ಸೂಸೈರಾಜನ ತಾಯಿ ಮಾಡಿಟ್ಟುಹೋದ ಪದ್ಧತಿ. ಮಗು ಮಲಗಿರುವ ಡಬ್ಬಿ ಬರಿದಾಗುವುದಿಲ್ಲ ಅನ್ನುವುದು ಆಕೆಯ ನಂಬಿಕೆ. ಬೈಬಲ್ಲಿನಲ್ಲಿ ಹೀಗೆಲ್ಲ ಇಲ್ಲವಲ್ಲ ಎಂದು ಒಬ್ಬರು ಫಾದರ್ ಕೇಳಿದ್ದಕ್ಕೆ, "ಬೈಬಲ್ ಬರ್ದೋರು ರೇಷನ್ ಅಂಗಡೀಲಿ ಅಕ್ಕಿಗೆ ನಿಂತಿದ್ರಾ ಸ್ವಾಮಿ?" ಎಂದು ಕೇಳಿ ಆ ಮುದುಕಿ ಅವರ ಬಾಯಿ ಮುಚ್ಚಿಸಿದ್ದಳು.

ಅತ್ತೆ ಹೋದ ಮೇಲೆ ಡಬ್ಬಿಯ ಯಜಮಾನಿಕೆ ಅಂತೋಣಮ್ಮನ ಕೈಗೆ ಬಂತು. ಮಗುವನ್ನು ಒಳಗಿಡುವವಳು ಅವಳು, ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ ಹೊರಗೆ ತೆಗೆಯುವವಳೂ ಅವಳು. ಅಲ್ಲಿಯತನಕ ಗೋದಲಿಯ ಹುಲ್ಲಿನ ತೊಟ್ಟಿಲು ಖಾಲಿ ಇರಬೇಕು. ಮನೆಯ ಎಲ್ಲರಿಗಿಂತ ಚಿಕ್ಕವರು ಮಗುವನ್ನು ಎತ್ತಿ ಮಲಗಿಸಬೇಕು. ಮಗಳು ಲಿಡಿಯಾಗೆ ಮದುವೆಯ ವಯಸ್ಸಾದರೂ ಅವಳಿಗಿಂತ ಚಿಕ್ಕವರು ಮನೆಯಲ್ಲಿ ಯಾರೂ ಹುಟ್ಟದ ಕಾರಣ ಆ ಕೆಲಸ ಅವಳ ಹತ್ತಿರವೇ ಉಳಿದಿತ್ತು.

ಆ ಮಗು ಅಂಗಡಿಯಿಂದ ತಂದದ್ದಲ್ಲ. ಸೂಸೈರಾಜ್ ಹುಟ್ಟಿದ ವರ್ಷ ಅವನ ಅಪ್ಪ ಹಾಲೆ ಮರದಲ್ಲಿ ಕೆತ್ತಿದ್ದು. ಗೇಣುದ್ದ ಇತ್ತು, ಎಡಗಾಲಿನ ಕಿರುಬೆರಳು ಇರಲಿಲ್ಲ. ಸೂಸೈರಾಜ್ ಹುಡುಗನಾಗಿದ್ದಾಗ ಕೆಳಗೆ ಹಾಕಿ ಮುರಿದಿದ್ದ. ಹೂಟಗಳ್ಳಿಯ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಇಡೀ ಆಯುಷ್ಯ ಮರದ ಅಚ್ಚು ಮಾಡಿ ನಿವೃತ್ತನಾದ ಮನುಷ್ಯ, ಆ ಬೆರಳೊಂದನ್ನು ಮಾತ್ರ ಸರಿ ಮಾಡಲು ಒಪ್ಪಲಿಲ್ಲ. ಅಪ್ಪನ ಕೆಲಸಕ್ಕೆ ತಾನು ಕೈ ಹಾಕುವುದೇ ಅನ್ನುತ್ತಿದ್ದ.

ಎರಡು ಸಾವಿರದ ಐದನೇ ಇಸವಿಯ ಹಿಂಗಾರಿನಲ್ಲಿ ಕಾರ್ಖಾನೆಗಳ ಹಿಂದಿನ ಸಣ್ಣ ಕೆರೆಯ ಏರಿ ಒಡೆಯಿತು. ಕೆಳಗೆ, ಜನ ಕೆರೆಯಂಗಳ ಎಂದು ಕರೆಯುತ್ತಿದ್ದ ತಗ್ಗಿನಲ್ಲಿ, ಗಾರೆ ಕೆಲಸದವರ, ಕಲ್ಲು ಒಡೆಯುವವರ ಗುಡಿಸಲುಗಳಿದ್ದವು. ಬೆಳಗಿನ ಹೊತ್ತಾದ್ದರಿಂದ ಜನವೆಲ್ಲ ದಿಣ್ಣೆ ಹತ್ತಿ ಜೀವ ಉಳಿಸಿಕೊಂಡರು. ಮನೆಗಳು, ಪಾತ್ರೆಗಳು, ಕೋಳಿಗಳು ನೀರಿನ ಪಾಲಾದವು. ಬಡಾವಣೆಯ ಚರ್ಚಿನ ಸಭಾಭವನದ ಬಾಗಿಲು ತೆಗೆದು ಅವರನ್ನೆಲ್ಲ ಒಳಕ್ಕೆ ಕರೆದುಕೊಂಡರು. ಅಂತೋಣಮ್ಮನ ಮಗ ಡೆನ್ನಿಸ್ ಗೆಳೆಯನ ಟೆಂಪೊ ತಂದು ಗೇಟಿನ ಮುಂದೆ ನಿಲ್ಲಿಸಿ, "ಅಮ್ಮ, ಮನೇಲಿ ಏನಿದ್ರೂ ಕೊಡು, ಬೇಗ," ಎಂದು ಕೂಗಿದ. ಹಳೇ ಸೀರೆ, ಕಂಬಳಿ, ಬಿಂದಿಗೆ, ಚಾಪೆ ಕೈಗೆ ಸಿಕ್ಕಿದ್ದೆಲ್ಲ ಕೊಟ್ಟು, ಅಷ್ಟೂ ಸಾಲದು ಅನ್ನಿಸಿ ಅಂತೋಣಮ್ಮ ಅಟ್ಟದ ಡಬ್ಬಿಯನ್ನೂ ಇಳಿಸಿ ಮುಚ್ಚಳ ಹಾಕಿದ ಹಾಗೆಯೇ ಟೆಂಪೊಗೆ ಏರಿಸಿದಳು. ಆಗ ಅವಳ ತಲೆಯಲ್ಲಿ ಅಕ್ಕಿ ಇತ್ತೇ ಹೊರತು ಬೇರೇನೂ ಇರಲಿಲ್ಲ.

ಲಿಡಿಯಾ ಆರ್ಟ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಮಾರನೆಯ ವಾರ ದೊಡ್ಡ ಹಾಳೆ, ಇದ್ದಿಲು ಕಡ್ಡಿ ಹಿಡಿದು ಸಭಾಭವನಕ್ಕೆ ಹೋಗಿ, ಕಂಬಕ್ಕೆ ಒರಗಿ ಕೂತಿದ್ದ ಪುಟ್ಟತಾಯಮ್ಮ ಅನ್ನುವ ಹೆಂಗಸಿನ ಚಿತ್ರ ಬರೆಯತೊಡಗಿದಳು. ಕೆರೆಯಂಗಳದವರ ನೋವನ್ನು ಊರಿಗೆ ತೋರಿಸಬೇಕೆಂಬ ಆಸೆ ಅವಳದು. ಚಿತ್ರ ಮುಗಿದ ಮೇಲೆ ಪುಟ್ಟತಾಯಮ್ಮ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಏನವ್ವ, ನನ್ ಮೊಕಾನ ಇಂಗೆ ಸೊರಗಿಸ್ಬುಟ್ಟಿದ್ದೀಯ?"

"ನಿಮ್ಮ ಕಷ್ಟ ಕಾಣಬೇಕಲ್ವಾ ಅಮ್ಮ."

"ಕಷ್ಟ ನಮಗೆ ಕಂಡೈತಲ್ಲ, ಸಾಲ್ದಾ? ಅಳೋದೆಲ್ಲ ಅತ್ತಾಯ್ತು ಕನವ್ವ. ಬರಿಯಂಗಿದ್ರೆ ನಮ್ ಮನೆ ಬರ್ಕೊಡು. ಗಾರೆಗೋಡೆ, ಮುಂದ್ಗಡೆ ಒಂದ್ ಜಗುಲಿ, ನೀಲಿ ಬಾಗ್ಲು. ಬಾಗ್ಲು ಮರೀಬ್ಯಾಡ."

ಲಿಡಿಯಾ ಮನೆ ಬರೆದಳು. ಅದನ್ನು ನೋಡಿ ಗಾರೆ ಕೆಲಸದ ಸಿದ್ದಪ್ಪಾಜಿ ತನ್ನದೂ ಆಗಬೇಕೆಂದ. ಬರೆದದ್ದು ತೋರಿಸಿದರೆ, "ಹಿಂದ್ಗಡೆ ಕೋಳಿಗೂಡು ಎಲ್ಲೋಯ್ತು?" ಎಂದು ಜಗಳಕ್ಕೆ ಬಂದ. ಹಾಳೆಯಲ್ಲಿ ಹಿಂಭಾಗ ಕಾಣುವುದಿಲ್ಲವೆಂದು ಅವಳು ಹೇಳಿದರೆ, ಹಿಂಭಾಗ ಕಾಣದ ಮನೆ ಯಾತರ ಮನೆ ಎಂದು ಕೇಳಿದ. ಅಲ್ಲಿಗೆ ಹಾಳೆ ಹೋಗಿ ರಟ್ಟು ಬಂತು. ತಂತಮ್ಮ ಮನೆಯನ್ನು ತಾವೇ ಮಾಡುವುದೆಂದು ಗೊತ್ತಾಯಿತು. ಸಭಾಭವನದಲ್ಲಿ ಮಲಗಲೇ ಜಾಗ ಸಾಲದು, ಆದ್ದರಿಂದ ಕೆಲಸವೆಲ್ಲ ಸೂಸೈರಾಜನ ಮನೆಯ ಪೋರ್ಟಿಕೋದಲ್ಲಿ ಶುರುವಾಯಿತು. ಕೂಲಿ ಮುಗಿಸಿಕೊಂಡು ಸಂಜೆ ಒಬ್ಬೊಬ್ಬರೇ ಬರುತ್ತಿದ್ದರು. ಅಂತೋಣಮ್ಮನ ಹಾಲಿನ ಪಾತ್ರೆಯಲ್ಲಿ ಮೈದಾ ಅಂಟು ಕುದಿಯಿತು. ಅವಳ ಈಳಿಗೆಮಣೆ ರಟ್ಟು ಕತ್ತರಿಸಲು ಹೋಗಿ ಮೊಂಡಾಯಿತು. ಚಹಾ ಕಾಸಿ ಕಾಸಿ ಅವಳ ಕೈ ಸೋತಿತು, ಆದರೆ ಮನೆಯಲ್ಲಿ ಇಷ್ಟು ಮಾತು ಕೇಳಿ ಎಷ್ಟೋ ವರ್ಷವಾಗಿತ್ತೆಂದು ಅವಳಿಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಖುಷಿಯಾಗದವನು ಸೂಸೈರಾಜ್ ಒಬ್ಬನೇ. ನವೆಂಬರ್ ಕೊನೆಯ ಭಾನುವಾರ ಮಟನ್ ಸಾರಿಗೆ ಮುದ್ದೆ ಮುರಿಯುತ್ತ ಅವನು ತನ್ನ ಸಂಕಟ ಹೊರಗೆಡವಿದ.

"ನಾಳಿದ್ದಿಂದ ನಾನು ಗೋದಲಿ ಕೆಲಸ ಹಿಡೀಬೇಕು. ಪೋರ್ಟಿಕೋ ಖಾಲಿ ಮಾಡ್ಸು ಮಗಳೇ."

"ಅಪ್ಪ, ನಾನೊಂದು ಮಾತು ಹೇಳ್ಲಾ? ಈ ವರ್ಷದ ಗೋದಲಿ ಅವರ ಮನೆಗಳದ್ದೇ ಆಗ್ಲಿ. ಕಾಲೇಜಲ್ಲಿ ಮೇಷ್ಟ್ರೂ ಬಂದು ನೋಡ್ತೀನಿ ಅಂದಿದ್ದಾರೆ. ಹೀಗೆ ಜಾಗ ತುಂಬ ಜೋಡಿಸಿಡೋ ಕಲೇನ ಇನ್‌ಸ್ಟಲೇಶನ್ ಅಂತಾರೆ."

"ನಮ್ ಫ್ಯಾಕ್ಟರೀಲಿ ಮೋಟಾರ್ ಕೂರ್ಸೋದಕ್ಕೆ ಅಂಗಂತಿದ್ವು. ಸಿದ್ದಪ್ಪಾಜಿ ಮನೆ ಮೇಲೆ ಡಿಶ್ ಆಂಟೆನಾ ಕೂರ್ಸವ್ನೆ. ಬೆತ್ಲೆಹೇಮಲ್ಲಿ ಡಿಶ್ ಇತ್ತೇನೇ?"

"ಬೆತ್ಲೆಹೇಮಲ್ಲಿ ಅಂಬಾರಿ ಆನೆ ಇತ್ತಾ ಅಪ್ಪ? ನಿಮ್ ಗೋದಲೀಲಿ ಪ್ರತಿ ವರ್ಷ ಬರುತ್ತೆ."

"ಮೂರು ಜನ ರಾಜ್ರು ಬರ್ತಾರಲ್ಲ, ಅವರದ್ದು. ಮೈಸೂರಿನಲ್ಲಿ ರಾಜ್ರು ಅಂದ್ಮೇಲೆ ಆನೆ ಮೇಲೇ ಬರ್ಬೇಕು."

ಡೆನ್ನಿಸ್ ನಗಲು ಹೋಗಿ ಸಾರು ನೆತ್ತಿಗೆ ಹತ್ತಿಸಿಕೊಂಡ. ಸೂಸೈರಾಜ್ ತಟ್ಟೆ ತಳ್ಳಿ ಎದ್ದ. ಟಿವಿ ಮೇಲಿನ ಶೀಲ್ಡುಗಳನ್ನು ತೋರಿಸಿ, ಚರ್ಚಿನ ಗೋದಲಿ ಸ್ಪರ್ಧೆಯಲ್ಲಿ ಸಾಲಾಗಿ ತನಗೆ ಬಂದವು ಇವು, ಈ ವಯಸ್ಸಿನಲ್ಲಿ ಮರ್ಯಾದೆ ಕಳೆದುಕೊಳ್ಳಲು ತಾನು ತಯಾರಿಲ್ಲವೆಂದು ಹೇಳಿದ. ಲಿಡಿಯಾ, ಗೋದಲಿ ಅಂದರೆ ಇರಲು ಜಾಗವಿಲ್ಲದವರ ಕಥೆಯೇ ಅಲ್ಲವೇ ಎಂದಳು. ಅಪ್ಪನ ದನಿ ಇನ್ನಷ್ಟು ಏರಿತು.

ಕೊನೆಗೆ ಅಂತೋಣಮ್ಮನೇ ತೀರ್ಪು ಕೊಟ್ಟಳು. "ಪೋರ್ಟಿಕೋ ಏನು ಸಣ್ಣದಾ? ಅರ್ಧ ನಿಮ್ಮ ಬೆತ್ಲೆಹೇಮು, ಅರ್ಧ ಅವರ ಕೆರೆಯಂಗಳ. ಡೆನ್ನಿಸ್, ಚಾಕ್‌ಪೀಸ್ ತಗೊಂಡು ಗೆರೆ ಎಳಿ. ಆ ಕಡೆಯೋರು ಈ ಕಡೆ ಕಾಲಿಟ್ರೆ ಯಾರಿಗೂ ನಾನು ಚಹಾ ಕೊಡಲ್ಲ."

ಗೆರೆ ಬಿತ್ತು. ಅದೇ ಸಂಜೆ ಸೂಸೈರಾಜ್ ಟ್ರಂಕು ಇಳಿಸಿ, ಒಂಟೆಯ ಕಾಲಿನ ದೂಳು ಒರೆಸುತ್ತ, "ಅಂತೋಣಿ, ಅಕ್ಕಿ ಡಬ್ಬಿ ಇಳಿಸು. ಮಗೂಗೆ ಎಣ್ಣೆ ಹಚ್ಚಿ ಒಂದ್ ಸಲ ನೋಡ್ಬುಡ್ತೀನಿ," ಎಂದ.

ಅಂತೋಣಮ್ಮ ಒಲೆಯ ಕಡೆ ತಿರುಗಿಕೊಂಡಳು. ಟೆಂಪೊ, ಮುಚ್ಚಳ, ತಾನೇ ಎತ್ತಿ ಕೊಟ್ಟದ್ದು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಮಾವ ಕೆತ್ತಿದ ಮಗು, ಅತ್ತೆ ತನ್ನ ಕೈಗೆ ಒಪ್ಪಿಸಿದ ಮಗು.

"ಇಪ್ಪತ್ನಾಲ್ಕಕ್ಕೆ ಮುಂಚೆ ತೆಗೀಬಾರ್ದು ಅಂತ ನಿಮ್ಮಮ್ಮ ಹೇಳ್ತಿದ್ರು," ಎಂದಳು, ಒಲೆಯ ಕಡೆಯಿಂದ ಮುಖ ತಿರುಗಿಸದೆ.

"ನನ್ ಹತ್ರ ಯಾವತ್ತೂ ಹೇಳಿಲ್ವಲ್ಲ."

"ಅತ್ತೆ ಸೊಸೆ ಮಾತು ನಿಮ್ಗೆ ಯಾಕೆ ಹೇಳ್ತಾರೆ?"

ಮಾರನೆಯ ಬೆಳಗ್ಗೆ ತಿಂಡಿ ಪಾತ್ರೆ ತೊಳೆಯುವುದನ್ನೂ ಬಿಟ್ಟು ಅವಳು ಸಭಾಭವನಕ್ಕೆ ಓಡಿದಳು. ಡಬ್ಬಿ ಅಲ್ಲೇ ಅಡಿಗೆ ಮೂಲೆಯಲ್ಲಿತ್ತು, ಒಳಗೆ ಉಪ್ಪಿನ ಪೊಟ್ಟಣ, ಮೆಣಸಿನಕಾಯಿ. ಅಕ್ಕಿ ಖಾಲಿಯಾಗಿ ಯಾವ ಕಾಲವಾಯಿತೋ ಎಂದರು. ಬೇರೆ ಏನಾದರೂ ಸಿಕ್ಕಿತಾ ಎಂದು ಕೇಳಲು ಅವಳಿಗೆ ನಾಚಿಕೆ. ಕೊಟ್ಟದ್ದನ್ನು ಲೆಕ್ಕ ಕೇಳಲು ಬಂದಳೆಂದು ಅವರು ತಿಳಿಯಬಾರದಲ್ಲ. ಸುಮ್ಮನೆ ಹಿತ್ತಿಲ ಕಡೆ ಬಂದಳು. ಅಲ್ಲಿ ನಲ್ಲಿಯ ಪಕ್ಕ ಪುಟ್ಟತಾಯಮ್ಮನ ಮೊಮ್ಮಗಳು ಮಾದೇವಿ, ಐದು ವರ್ಷದವಳಿರಬೇಕು, ಕಾಲು ನೀಡಿ ಕೂತು ಮೊಣಕಾಲಿನ ಮೇಲೆ ಒಂದು ಮಗುವನ್ನು ಬೋರಲು ಹಾಕಿಕೊಂಡು ಸ್ನಾನ ಮಾಡಿಸುತ್ತಿದ್ದಳು. ಬೆನ್ನು ತಿಕ್ಕಿ, ಕಣ್ಣಿಗೆ ನೀರು ಬೀಳದ ಹಾಗೆ ಹಣೆಗೆ ಕೈ ಅಡ್ಡ ಹಿಡಿದು, ಚೊಂಬಿನಿಂದ ಹೊಯ್ಯುತ್ತಿದ್ದಳು. ಮಗುವಿನ ಸೊಂಟದಲ್ಲಿ ಕರಿದಾರ. ಕೆನ್ನೆಯ ಮೇಲೆ ತೊಳೆದರೂ ಹೋಗದ ಕಾಡಿಗೆ ಬೊಟ್ಟು. ಎಡಗಾಲಿನಲ್ಲಿ ಕಿರುಬೆರಳು ಇರಲಿಲ್ಲ.

ಅಂತೋಣಮ್ಮ ಅಲ್ಲೇ ಕುಕ್ಕರಿಸಿದಳು. "ಇವನ್ಯಾರವ್ವ?"

"ಪುಟ್ಟಮಾದ."

"ಎಲ್ಲಿಂದ ಬಂದ?"

"ಅಕ್ಕಿ ಒಳಗಿಂದ." ಮಾದೇವಿ ಮಗುವಿನ ಕಿವಿ ಒರೆಸಿದಳು. "ಏರಿ ಒಡೀತಲ್ಲ, ಅವತ್ತು ಅವ್ನ್ ಮನೆನೂ ಓಯ್ತು. ಅವ್ನು ಡಬ್ಬೀಲಿ ಕುಂತ್ಕಂಡು ತೇಲ್ಕಂಡ್ ಬಂದ. ಅದಕ್ಕೇ ಉಳ್ಕಂಡ."

ಅಷ್ಟರಲ್ಲಿ ಪುಟ್ಟತಾಯಮ್ಮ ಬಂದಳು. "ಎಲ್ಲಾರ್ ಅಕ್ಕೀನೂ ಒಂದೇ ಕಡೆ ಸುರಿದಿದ್ವು, ಯಾರೋ ಪುಣ್ಯಾತ್ಗಿತ್ತಿ ಅಕ್ಕಿ ಜೊತೆಗೆ ಮಗೀಗೊಂದು ಬೊಂಬೆನೂ ಮಡಗಿದ್ಲು ಕನಕ್ಕ. ಅವಳ್ ಒಟ್ಟೆ ತಣ್ಣಗಿರ್ಲಿ. ನೀರು ಬಂದಾಗಿಂದ ಈ ಕೂಸು ಕಣ್ ಮುಚ್ತಿರ್ನಿಲ್ಲ, ಮುಚ್ಚಿದ್ರೆ ಕಿರುಚ್ಕಂಡು ಏಳೋದು. ಇದು ಬಂದ್ಮೇಲೆ, ಇದನ್ನ ಮಲಗಿಸ್ಬೇಕಲ್ಲ ಅಂತ ತಾನೂ ಮಲಿಕತ್ತದೆ."

ಅಂತೋಣಮ್ಮ ಮಗುವನ್ನು ವಾಪಸ್ ಕೇಳದೆಯೇ ಹೊರಡಲು ಎದ್ದಳು. ಪುಟ್ಟತಾಯಮ್ಮನೇ ಡಬ್ಬಿಯ ಗುರುತು ಹಿಡಿದು, ಇದು ನಿಮ್ಮದೇ ಅಲ್ಲವೇ ಎಂದು ಉಪ್ಪು ಮೆಣಸಿನಕಾಯಿ ಬೇರೆ ಕಡೆ ಸುರಿದು, ತೊಳೆದು ಒರೆಸಿ ಅವಳ ಕೈಗಿಟ್ಟಳು. ಖಾಲಿ ಡಬ್ಬಿ ಹೊತ್ತು ಅಂತೋಣಮ್ಮ ಹಿಂಬಾಗಿಲಿನಿಂದ ಮನೆ ಸೇರಿದಳು. ಅಂಗಡಿಯಿಂದ ಅಕ್ಕಿ ತಂದು ತುಂಬಿಸಿ, ಗಂಡ ಹೊರಗೆ ಗೋದಲಿಯ ಬೆಟ್ಟ ಕಟ್ಟುತ್ತಿದ್ದಾಗ ಅಟ್ಟದ ಮೇಲೆ ಅದೇ ಜಾಗದಲ್ಲಿ ಇಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೆ ಕಾಣದ ಹಾಗೆ ಸೀರೆ ತಂದಿಟ್ಟದ್ದುಂಟು, ದೇವರನ್ನು ಕಳೆದದ್ದು ಮಾತ್ರ ಇದೇ ಮೊದಲು.

ಮಕ್ಕಳಿಗೆ ಹೇಳದೆ ಇರಲಾಗಲಿಲ್ಲ. ಅಡಿಗೆಮನೆಯಲ್ಲಿ ಮೂವರೂ ಸುತ್ತ ಕೂತು, ಫೋರ್ಕಿನ ಬೆನ್ನಿನ ಮೇಲೆ ಹಿಟ್ಟು ಒತ್ತಿ ಕ್ರಿಸ್ಮಸ್ಸಿನ ಕಲ್ಕಲ್ ತಿಂಡಿಯ ಸುರುಳಿ ಮಾಡುತ್ತಿದ್ದಾಗ ಹೇಳಿದಳು. ಲಿಡಿಯಾ ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟಳು.

"ವಾಪಸ್ ಕೇಳೋಕ್ಕಾಗಲ್ಲಮ್ಮ. ಮಾದೇವಿ ಹತ್ರ ಅದೊಂದೇ ಇರೋದು."

"ನಿಮ್ಮಪ್ಪನ ಹತ್ರಾನೂ ಅದೊಂದೇ ಕಣೇ ಇರೋದು, ಅವರಪ್ಪಂದು."

"ನಾನು ನೋಡ್ಕೋತೀನಿ ಬುಡಮ್ಮ," ಎಂದ ಡೆನ್ನಿಸ್. ಡೆನ್ನಿಸ್ ಹೀಗೆ ಧೈರ್ಯ ಹೇಳಿದಾಗಲೆಲ್ಲ ಅಂತೋಣಮ್ಮನಿಗೆ ಇನ್ನಷ್ಟು ಭಯವಾಗುತ್ತಿತ್ತು. ಮಾರನೆಯ ದಿನ ಅವನು ಪೇಟೆಯಿಂದ ಪ್ಲಾಸ್ಟರಿನ ಬಾಲಯೇಸು ತಂದ. ಗುಲಾಬಿ ಬಣ್ಣ, ನೀಲಿ ಕಣ್ಣು, ಉಬ್ಬಿದ ಹೊಟ್ಟೆ. ಮರಿಯಮ್ಮನ ಪಕ್ಕ ಇಟ್ಟರೆ ತಾಯಿ ಯಾರು ಮಗು ಯಾರು ಎಂದು ಕೇಳುವಷ್ಟು ದೊಡ್ಡದು.

"ಇದೇನೋ, ಮಗುವಾ ಇಲ್ಲಾ ತಹಶೀಲ್ದಾರಾ?" ಎಂದಳು ಅಂತೋಣಮ್ಮ. ಆದರೂ ಬೇರೆ ದಾರಿ ಕಾಣದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ತಳಕ್ಕೆ ತಳ್ಳಿದಳು.

ಇತ್ತ ಪೋರ್ಟಿಕೋದಲ್ಲಿ ಚಾಕ್‌ಪೀಸಿನ ಗೆರೆ ದಿನಕ್ಕೊಂದಿಷ್ಟು ಅಳಿಸುತ್ತಿತ್ತು. ಅಳಿಸಿದವನು ಸೂಸೈರಾಜನೇ. ಸಿದ್ದಪ್ಪಾಜಿಯ ಮನೆಯ ಸೂರು ಓರೆಯಾಗಿದ್ದನ್ನು ಎರಡು ದಿನ ಸಹಿಸಿದ. ಮೂರನೆಯ ದಿನ ತಡೆಯಲಾಗಲಿಲ್ಲ.

"ಗಾರೆ ಕೆಲಸ ಮಾಡ್ತೀನಿ ಅಂತೀಯ, ಸೂರು ಇಂಗಾ ಕೂರ್ಸೋದು?"

"ನಮ್ಮನೆ ಸೂರು ಇದ್ದಿದ್ದೇ ಅಂಗೆ ಸ್ವಾಮಿ. ಊರೋರ್ ಮನೆಗೆಲ್ಲ ತೂಗುಗುಂಡು ಇಟ್ಟು ಕಟ್ದೆ, ನಮ್ಮನೇಗೆ ಪುರುಸೊತ್ತು ಎಲ್ಲಿತ್ತು?"

"ಈಗ ಇದೆಯಲ್ಲ ಪುರುಸೊತ್ತು. ಕೊಡಿಲ್ಲಿ."

ಅವತ್ತಿನಿಂದ ಅವನ ಉಳಿ, ಅರ, ಅಳತೆಪಟ್ಟಿ ಎಲ್ಲ ಗೆರೆ ದಾಟಿದವು. ಮಾಡುತ್ತ ಮಾಡುತ್ತ ಮನೆಗಳು ಇದ್ದದ್ದಕ್ಕಿಂತ ಚೆನ್ನಾಗಿ ಎದ್ದವು. ಒಬ್ಬರು ಹೆಂಚು ಹಾಕಿಸಿಕೊಂಡರು, ಇನ್ನೊಬ್ಬರು ಹಿತ್ತಿಲಿಗೆ ನುಗ್ಗೆಮರ ನೆಟ್ಟರು. ಸಿದ್ದಪ್ಪಾಜಿಯ ಕೋಳಿಗೂಡು ಅರ್ಧ ಗೇಣು ಮುಂದೆ ಬಂದು ಪುಟ್ಟತಾಯಮ್ಮನ ಜಗುಲಿಗೆ ತಾಗಿದ ದಿನ ದೊಡ್ಡ ಜಗಳವೇ ಆಯಿತು.

"ಕೆರೆಯಂಗಳದಲ್ಲೂ ಇಂಗೇ ಒತ್ಕಂಡ್ ಬಂದ, ಇಲ್ಲೂ ಒತ್ಕಂಡ್ ಬತ್ತಾವ್ನೆ," ಎಂದು ಅವಳು ಕೂಗಿದಳು. ನೀರು ನುಗ್ಗಿದ ಮೇಲೆ ಆ ಜನ ಮೊದಲ ಸಲ ಮನಸಾರೆ ಜಗಳವಾಡಿದ್ದು ಅಂದು. ನಡುವೆ ಯಾರೋ ನಕ್ಕರು, ಆಮೇಲೆ ಪುಟ್ಟತಾಯಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸೂಸೈರಾಜ್ ಇಬ್ಬರ ನಡುವೆ ಓಣಿ ಬಿಟ್ಟುಕೊಟ್ಟು, ಅವಳ ಮನೆಗೆ ಕಿಟಕಿ ಕೊರೆದು, ತೇಗದ ಚೂರಿನಲ್ಲಿ ಬಾಗಿಲು ಮಾಡಿ, ತಂತಿ ಬಗ್ಗಿಸಿ ತಿರುಗಣಿ ಹಾಕಿ, ತೆಗೆದು ಮುಚ್ಚುವ ಹಾಗೆ ಕೂರಿಸಿದ. ನೀಲಿ ಬಣ್ಣ ಮೂರು ಕೈ ಬಳಿದ. ಅಂತೋಣಮ್ಮ ಎಂದಿನಂತೆ ಹಳೇ ತಟ್ಟೆಗಳಲ್ಲಿ ಬಿತ್ತಿದ್ದ ರಾಗಿ ಹಸಿರಾಗಿ ಎದ್ದಿತ್ತು. ಅದನ್ನು ಗೋದಲಿಗೆ ಜೋಡಿಸುವಾಗ ಬೆತ್ಲೆಹೇಮಿನ ಹುಲ್ಲುಗಾವಲು ಎಲ್ಲಿ ಮುಗಿದು ಕೆರೆಯಂಗಳದ ಹೊಲ ಎಲ್ಲಿ ಶುರುವಾಯಿತೆಂದು ಯಾರೂ ವಿಚಾರಿಸಲಿಲ್ಲ. ಅಂಬಾರಿ ಆನೆ ಸಿದ್ದಪ್ಪಾಜಿಯ ಮನೆಯ ಹಿಂದೆ ನಿಂತಿತು.

ಇಷ್ಟು ಒಳ್ಳೆಯದೆಲ್ಲ ನಡೆಯುತ್ತಿದ್ದರೆ ಅಂತೋಣಮ್ಮನಿಗೆ ಊಟ ಸೇರುತ್ತಿರಲಿಲ್ಲ. ಗಂಡ ಖುಷಿಯಾಗಿದ್ದಷ್ಟೂ ಅವಳಿಗೆ ಸಂಕಟ ಹೆಚ್ಚು.

ಇಪ್ಪತ್ತನಾಲ್ಕರ ಸಂಜೆ ಕೆರೆಯಂಗಳದವರೆಲ್ಲ ಗೇಟಿನ ಒಳಗೆ ಸೇರಿದ್ದರು. ದೀಪದ ಸರ ಹತ್ತಿತು. ಗೋದಲಿಯ ಕೊಟ್ಟಿಗೆಯ ಮೇಲೆ ದೊಡ್ಡ ಕಾಗದದ ನಕ್ಷತ್ರ ತೂಗುತ್ತಿತ್ತು. ಅಂತೋಣಮ್ಮ ಏಳುವ ಮುಂಚೆ ಸೂಸೈರಾಜನೇ ಸ್ಟೂಲು ಹಾಕಿ ಡಬ್ಬಿ ಇಳಿಸಿ ಎಲ್ಲರ ನಡುವೆ ತಂದಿಟ್ಟು, ಅಂಗಿಯ ತೋಳು ಮಡಚಿ ಅಕ್ಕಿಯೊಳಗೆ ಕೈ ಇಳಿಸಿದ. ಬಟ್ಟೆ ಬಿಚ್ಚಿದ. ಗುಲಾಬಿ ಹೊಟ್ಟೆ ಹೊರಗೆ ಬಂತು.

"ಇದ್ಯಾರು?" ಎಂದ ಸೂಸೈರಾಜ್.

ಡೆನ್ನಿಸ್ ದೀಪದ ಸ್ವಿಚ್ಚು ಸರಿಮಾಡುವವನಂತೆ ಹಿಂದೆ ಸರಿದ. ಅಂತೋಣಮ್ಮ ಗಂಡನ ಮುಂದೆ ಬಂದು ನಿಂತಳು. "ನಾನು ಕೊಟ್ಬುಟ್ಟೆ ಕಣ್ರೀ. ಏರಿ ಒಡೆದ ದಿನ. ಗೊತ್ತಿಲ್ದೆ ಡಬ್ಬಿ ಸಮೇತ ಕೊಟ್ಬುಟ್ಟೆ. ಎಲ್ಲಿದೆ ಅಂತ ಆಮೇಲೆ ಗೊತ್ತಾಯ್ತು, ಕೇಳೋಕೆ ಮನಸ್ಸು ಬರ್ಲಿಲ್ಲ."

ಸೂಸೈರಾಜ್ ಪ್ಲಾಸ್ಟರಿನ ಮಗುವನ್ನು ಅಕ್ಕಿಯ ಮೇಲೆ ಮಲಗಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಬೈದಿದ್ದರೆ ಅಂತೋಣಮ್ಮನಿಗೆ ಹಗುರಾಗುತ್ತಿತ್ತು. ಅವನ ಕಣ್ಣಲ್ಲಿ ನೀರಿತ್ತು.

ಗುಂಪಿನ ಹಿಂದಿನಿಂದ ಮಾದೇವಿ ದಾರಿ ಮಾಡಿಕೊಂಡು ಬಂದಳು. ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ, ಸೊಂಟದ ಮೇಲೆ ಪುಟ್ಟಮಾದ. ಅವಳ ಹಿಂದೆ ಪುಟ್ಟತಾಯಮ್ಮ ಗಾಬರಿಯಿಂದ, "ನಿಮ್ದು ಅಂತ ಗೊತ್ತಿರ್ನಿಲ್ಲ ಸ್ವಾಮಿ, ಕೊಟ್ಬುಡವ್ವ, ಕೊಟ್ಬುಡು," ಎನ್ನುತ್ತ ಬಂದಳು. ಮಾದೇವಿ ಅಜ್ಜಿಯ ಕಡೆ ತಿರುಗಲೂ ಇಲ್ಲ. ಸೂಸೈರಾಜ್ ಮಗುವಿನ ಎಡಗಾಲನ್ನೇ ನೋಡಿದ.

"ಒಂಚೂರು ಎತ್ಕೊಳ್ಲಾ ಮರಿ?"

"ಕೈ ತೊಳ್ಕಂಡಿದ್ದೀರಾ?"

ಅವನ ಕೈಗೆ ಅಕ್ಕಿಯ ದೂಳು ಮೆತ್ತಿತ್ತು. ಎದ್ದು ನಲ್ಲಿಗೆ ಹೋಗಿ ಸೋಪು ಹಾಕಿ ತೊಳೆದು, ಪಂಚೆಗೆ ಒರೆಸಿಕೊಂಡು ಬಂದು ಎರಡೂ ಕೈ ಚಾಚಿದ. ಮಾದೇವಿ ತಲೆಯ ಕೆಳಗೆ ಕೈ ಕೊಡುವುದು ಹೇಗೆಂದು ತೋರಿಸಿ ಕೊಟ್ಟಳು. ಅವನು ಕಾಡಿಗೆ ಬೊಟ್ಟು ನೋಡಿದ, ಕರಿದಾರ ನೋಡಿದ, ಬೆರಳಿಲ್ಲದ ಕಾಲನ್ನು ಹೆಬ್ಬೆರಳಿನಿಂದ ಸವರಿದ. ಎಣ್ಣೆ ಹಚ್ಚಿ ಹಚ್ಚಿ ಮರ ಹೊಳೆಯುತ್ತಿತ್ತು. ಅವನ ಮನೆಯಲ್ಲಿ ಆ ಮಗುವಿಗೆ ಇಷ್ಟು ಎಣ್ಣೆ ಯಾವತ್ತೂ ಸಿಕ್ಕಿರಲಿಲ್ಲ.

"ಎಲ್ಲರಿಗಿಂತ ಚಿಕ್ಕವರು ಮಲಗಿಸ್ಬೇಕು, ಅದು ನಮ್ಮನೆ ಪದ್ಧತಿ," ಎಂದಳು ಲಿಡಿಯಾ. "ಈ ಸಲ ನಾನಲ್ಲ."

ಸೂಸೈರಾಜ್ ತಲೆಯಾಡಿಸಿ, ಮಾದೇವಿಯ ಕೈಗೆ ಮಗುವನ್ನು ಕೊಟ್ಟು ಕೊಟ್ಟಿಗೆಯ ಹುಲ್ಲಿನ ತೊಟ್ಟಿಲು ತೋರಿಸಿದ. ಮಾದೇವಿ ಬಗ್ಗಿ ನೋಡಿದಳು.

"ಇಲ್ಲಿ ಬ್ಯಾಡ. ಹಸ ನೆಕ್ತದೆ. ತಣ್ಣಗೈತೆ, ಬಾಗ್ಲೂ ಇಲ್ಲ."

"ಮತ್ತೆಲ್ಲಿ?"

ಅವಳು ಉತ್ತರ ಹೇಳುವ ಗೋಜಿಗೆ ಹೋಗದೆ ಅಳಿಸಿದ ಗೆರೆ ದಾಟಿ, ಸಾಲಿನಲ್ಲಿ ತನ್ನ ಮನೆ ಹುಡುಕಿ, ನೀಲಿ ಬಾಗಿಲು ತೆಗೆದು ಪುಟ್ಟಮಾದನನ್ನು ಒಳಗೆ ಮಲಗಿಸಿದಳು. ಬಾಗಿಲು ಮುಚ್ಚಿ, ತುಟಿಯ ಮೇಲೆ ಬೆರಳಿಟ್ಟು, "ಸದ್ದು ಮಾಡ್ಬ್ಯಾಡಿ, ಮಲಗವ್ನೆ," ಎಂದಳು.

ಎಲ್ಲರೂ ಸೂಸೈರಾಜನ ಮುಖ ನೋಡಿದರು. ಅವನು ಖಾಲಿ ತೊಟ್ಟಿಲನ್ನೂ ಮುಚ್ಚಿದ ಬಾಗಿಲನ್ನೂ ನೋಡಿ, ಸ್ಟೂಲು ಎಳೆದು ಹತ್ತಿದ. ಕೊಟ್ಟಿಗೆಯ ಮೇಲಿನ ನಕ್ಷತ್ರ ಬಿಚ್ಚಿದ. ಸ್ಟೂಲು ಪೋರ್ಟಿಕೋದ ಆ ಕಡೆಗೆ ಒಯ್ದು, ಮತ್ತೆ ಹತ್ತಿ, ನೀಲಿ ಬಾಗಿಲಿನ ಮೇಲೆ ನೇರವಾಗಿ ಕಟ್ಟಿದ. ಇಳಿದು ಬಂದು ಮರಿಯಮ್ಮನನ್ನೂ ಜೋಸೆಫಪ್ಪನನ್ನೂ ಎತ್ತಿ ಪುಟ್ಟತಾಯಮ್ಮನ ಜಗುಲಿಯ ಮೇಲೆ ಕೂರಿಸಿ, "ಅಪ್ಪ ಅಮ್ಮ ಇಲ್ಲಿರ್ಬೋದಲ್ವಾ?" ಎಂದು ಪಿಸುಮಾತಿನಲ್ಲಿ ಕೇಳಿದ.

"ಇರ್ಲಿ," ಎಂದಳು ಮಾದೇವಿ. ಅಂತೋಣಮ್ಮ ಅಡಿಗೆಮನೆಗೆ ಓಡಿ ಹೋಗಿ ಅತ್ತು, ಅತ್ತದ್ದು ಸಾಕಾದ ಮೇಲೆ ಕಲ್ಕಲ್ ಡಬ್ಬಿ ಹೊತ್ತುಕೊಂಡು ಬಂದಳು.

ಮಾರನೆಯ ಸಂಜೆ ಸ್ಪರ್ಧೆಯ ಜಡ್ಜುಗಳು ಬಂದರು. ತೊಟ್ಟಿಲು ಖಾಲಿ ನೋಡಿ ಹಿರಿಯ ಜಡ್ಜು ಹುಬ್ಬೇರಿಸಿದರು. "ಏನ್ರೀ ಸೂಸೈರಾಜ್, ಮಗುವೇ ಇಲ್ವಲ್ಲ?"

"ಮೆತ್ತಗೆ ಮಾತಾಡಿ ಸಾರ್, ಮಲಗಿದ್ದಾನೆ. ನಕ್ಷತ್ರದ ಕೆಳಗಡೆ ಮನೆ. ಒಬ್ಬೊಬ್ರೇ ಕಿಟಕೀಲಿ ನೋಡ್ಬೇಕು."

ಅವರು ಕನ್ನಡಕ ತೆಗೆದು, ನೆಲಕ್ಕೆ ಮಂಡಿಯೂರಿ, ಕಣ್ಣು ಕಿಟಕಿಗೆ ಹಚ್ಚಿದರು. ಎದ್ದಾಗ ಮಾದೇವಿ ಹೆಸರು ಹೇಳಿದಳು, ಪುಟ್ಟಮಾದ. ಜಡ್ಜು ಪೆನ್ನು ಹಿಡಿದು ಅನುಮಾನಿಸಿದರು. "ಹೇಳಿದ್ಲಲ್ಲ ಸಾರ್, ಬರ್ಕೊಳಿ," ಎಂದ ಸೂಸೈರಾಜ್. ಆ ವರ್ಷದ ಶೀಲ್ಡು ಬೇರೆ ಮನೆಗೆ ಹೋಯಿತು, ಆದರೆ ಊರಿನ ಜನವೆಲ್ಲ ಬಂದು ಮಂಡಿಯೂರಿದ್ದು ಇವರ ಪೋರ್ಟಿಕೋದಲ್ಲಿ. ಲಿಡಿಯಾಳ ಮೇಷ್ಟ್ರೂ ಮಂಡಿಯೂರಿ, ಎದ್ದ ಮೇಲೆ ಪ್ಯಾಂಟು ಕೊಡವಿಕೊಳ್ಳುವುದನ್ನೇ ಮರೆತು ನಿಂತರು.

ಮೂವರು ರಾಜರ ಹಬ್ಬದ ಹೊತ್ತಿಗೆ ಕೆರೆಯಂಗಳದವರಿಗೆ ದಿಣ್ಣೆಯ ಮೇಲೆ ಜಾಗ ತೋರಿಸಿ ತಗಡಿನ ಶೆಡ್ಡು ಹಾಕಿಕೊಟ್ಟರು. ಗೋದಲಿ ಬಿಚ್ಚುವ ದಿನ ಎಲ್ಲರೂ ಬಂದು ತಂತಮ್ಮ ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡರು. ದಿಣ್ಣೆಯ ಮೇಲೂ ಇದೇ ಸಾಲಿನಲ್ಲಿ ಇರುವುದೆಂದು ಅವರವರೇ ಮಾತಾಡಿಕೊಂಡಿದ್ದರು, ಸಿದ್ದಪ್ಪಾಜಿಯ ಕೋಳಿಗೂಡಿಗೆ ಓಣಿ ಸಮೇತ.

ಮಾದೇವಿ ಮನೆಯಿಂದ ಪುಟ್ಟಮಾದನನ್ನು ಎತ್ತಿಕೊಂಡು ಬಂದು ಅಂತೋಣಮ್ಮನ ಮಡಿಲಲ್ಲಿ ಹಾಕಿದಳು.

"ಯಾಕವ್ವ, ಬೇಡ್ವಾ? ಅಜ್ಜ ಕರ್ಕೊಂಡು ಹೋಗು ಅಂದ್ರಲ್ಲ."

"ಶೆಡ್ಡಿಗೆ ಬಾಗ್ಲಿಲ್ಲ, ಗೋಣಿತಾಟು ಕಟ್ಟವ್ರೆ. ಬಾಗ್ಲು ಆಗೋಗಂಟ ನಿಮ್ ಡಬ್ಬೀಲೇ ಇರ್ಲಿ. ಮುಚ್ಚಳ ಬಿಗಿಯಾಗಿ ಆಕಿ, ನೀರು ಬಂದ್ರೂ ತೇಲ್ತಾನೆ." ಸ್ವಲ್ಪ ಯೋಚಿಸಿ ಸೇರಿಸಿದಳು, "ಬಾಗ್ಲು ಆದ್ಮೇಲೆ ಬತ್ತೀನಿ."

ಅವಳು ಅಜ್ಜಿಯ ಸೆರಗು ಹಿಡಿದು ಗೇಟು ದಾಟಿ ಹೋದಳು. ಅಂತೋಣಮ್ಮ ಮಗುವನ್ನು ಅಕ್ಕಿಯಲ್ಲಿ ಮಲಗಿಸಿ ಮುಚ್ಚಳ ಬಿಗಿ ಮಾಡಿ ಹೊರಗೆ ಬಂದರೆ, ಸೂಸೈರಾಜ್ ಆಗಲೇ ಹಿತ್ತಿಲಿನ ಹಲಗೆಗಳನ್ನು ಒಂದೊಂದೇ ಎಳೆದು, ಆಳೆತ್ತರದ್ದು ಯಾವುದೆಂದು ಅಳೆಯುತ್ತಿದ್ದ.

"ಬಾಗಿಲು ಮಾಡ್ಕೊಟ್ರೆ ಮಗು ಹೋಗ್ಬುಡುತ್ತೆ ಕಣ್ರೀ," ಎಂದಳು ಅವಳು.

"ಹೋಗ್ಲಿ ಬುಡು, ಕ್ರಿಸ್ಮಸ್‌ಗೆ ಬರ್ತಾನಲ್ಲ," ಎಂದು ಸೂಸೈರಾಜ್ ಹಲಗೆಯ ಮೇಲೆ ಪೆನ್ಸಿಲ್ ಗುರುತು ಹಾಕಿದ. "ಆ ನೀಲಿ ಪೇಂಟು ಎಲ್ಲಿಟ್ಟೆ ನೋಡು."